ತಡವಾಗಿ ಬೀಳುವ ಕೊನೆಯ ಚುಕ್ಕೆ

ದೆವ್ವ, ಗಾಳಿ, ಶಕುನ ಎಂದು ಯಾರಾದರೂ ಮಾತು ತೆಗೆದರೆ ನಾನು ಕೇಳುತ್ತಿದ್ದುದು ಒಂದೇ ಪ್ರಶ್ನೆ: ವೈರಿಂಗ್ ಚೆಕ್ ಮಾಡಿಸಿದ್ದೀರಾ? ನಗಬೇಡಿ. ಹಲಸೂರಿನಲ್ಲಿ ಒಬ್ಬರ ಮನೆಯ ಮಹಡಿ ಮೇಲೆ ಸಂಜೆ ಹೊತ್ತು ಹೆಂಗಸಿನ ದನಿ ಕೇಳಿಸುತ್ತದೆ ಎಂದು ಇಡೀ ಬೀದಿಯೇ ಹೆದರಿತ್ತು. ನಾನು ಹತ್ತಿ ನೋಡಿದೆ. ತುಕ್ಕು ಹಿಡಿದ ನೀರಿನ ಪೈಪಿಗೆ ಯಾವುದೋ ಹಳೆಯ ತಂತಿ ಸುತ್ತಿಕೊಂಡಿತ್ತು. ರೇಡಿಯೋದಲ್ಲಿ ವಾರ್ತೆ ಓದುವಾಕೆ ಅದರೊಳಗೆ ಸಣ್ಣಗೆ ಮಾತಾಡುತ್ತಿದ್ದಳು. ತಂತಿ ಬಿಚ್ಚಿದೆ, ದೆವ್ವವೂ ಬಿಟ್ಟುಹೋಯಿತು. ಮನೆಯವರು ಕಾಫಿ ಕೊಟ್ಟು, ಆದರೂ ಒಂದು ಶಾಂತಿ ಮಾಡಿಸಿಬಿಡುತ್ತೇವೆ ಎಂದರು. ಮಾಡಿಸಿಕೊಳ್ಳಿ, ಆದರೆ ಆ ತಂತಿಯನ್ನು ಮಾತ್ರ ನನಗೆ ಕೊಡಿ, ತಾಮ್ರದ್ದು ಎಂದು ಇಸಿದುಕೊಂಡು ಬಂದೆ.

ನಾನು ಅಂಥ ಮನುಷ್ಯ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಏಕೆಂದರೆ ಮುಂದೆ ಹೇಳಲಿರುವುದನ್ನು ಇನ್ನೊಬ್ಬರು ನನಗೆ ಹೇಳಿದ್ದರೆ ನಾನು ನಂಬುತ್ತಿರಲಿಲ್ಲ.

ಶಿವಾಜಿನಗರ ಬಸ್ ನಿಲ್ದಾಣದ ಹಿಂದಿನ ಗಲ್ಲಿಯೊಂದರಲ್ಲಿ ನನ್ನದು ಹಳೆಯ ಎಲೆಕ್ಟ್ರಾನಿಕ್ಸ್ ಸಾಮಾನಿನ ಅಂಗಡಿ. ಶುರು ಮಾಡಿದ್ದು ಫುಟ್‌ಪಾತಿನ ಮೇಲೆ, ಒಂದು ಗೋಣಿಚೀಲ ಹಾಸಿ. ಹರಾಜಿನಲ್ಲಿ ಬಂದ ಟ್ರಾನ್ಸ್‌ಫಾರ್ಮರು, ವಾಲ್ವು, ಮೀಟರು, ಕೇಬಲ್ಲು. ತಮಿಳಿನಲ್ಲಿ ಕೊಂಡು, ಉರ್ದುವಿನಲ್ಲಿ ಚೌಕಾಸಿ ಮಾಡಿ, ಕನ್ನಡದಲ್ಲಿ ಮಾರುತ್ತಿದ್ದೆ. ಈ ವ್ಯಾಪಾರಕ್ಕೆ ಬರುವವರಿಗೆ ಒಂದು ಕಿವಿಮಾತು: ಹಳೆಯ ಟ್ರಾನ್ಸ್‌ಫಾರ್ಮರ್ ಕೊಳ್ಳುವಾಗ ಕಣ್ಣಿಗಿಂತ ಮೊದಲು ಮೂಗು ಇಡಿ. ಬಣ್ಣ ಬಳಿದು ಹೊಸದು ಮಾಡಬಹುದು, ಸುಟ್ಟ ವಾಸನೆಯನ್ನು ಯಾರಿಗೂ ಮುಚ್ಚಿಡಲಾಗುವುದಿಲ್ಲ.

ಆ ಸಾಮಾನು ಹುಡುಕಿಕೊಂಡು ಬರುತ್ತಿದ್ದವರಲ್ಲಿ ಹವ್ಯಾಸಿ ರೇಡಿಯೋದವರು ಬಹಳ. ಹ್ಯಾಮ್ ಎಂದು ಕರೆದುಕೊಳ್ಳುತ್ತಾರಲ್ಲ, ಅವರು. ಗಿರಾಕಿಯ ಹುಚ್ಚು ವ್ಯಾಪಾರಿಗೂ ಹತ್ತುತ್ತದೆ. ತೊಂಬತ್ತರ ದಶಕದ ಮೊದಲ ವರ್ಷಗಳಲ್ಲಿ ನಾನೂ ಪರೀಕ್ಷೆ ಬರೆದು ಲೈಸೆನ್ಸ್ ತೆಗೆದುಕೊಂಡೆ. ಹೊಸ ತಿಪ್ಪಸಂದ್ರದಲ್ಲಿದ್ದ ನಮ್ಮ ಮನೆಯ ತಾರಸಿಯ ಮೇಲೆ ಎರಡು ಗಳ ನೆಟ್ಟು ತಂತಿ ಎಳೆದೆ. ಆಗಿನ ಬೆಳಗುಗಳು ಈಗಲೂ ನೆನಪಿವೆ. ಕಾರ್ಖಾನೆಯ ಮೊದಲ ಪಾಳಿಯವರ ಸೈಕಲ್ಲುಗಳು ಮಂಜಿನಲ್ಲಿ ಬೆಲ್ಲು ಹೊಡೆಯುತ್ತ ಹೋಗುತ್ತಿದ್ದವು. ಮಾರ್ಕೆಟ್ ರಸ್ತೆಯಲ್ಲಿ ಸೊಪ್ಪಿನ ಗಾಡಿಗಳು ಇಳಿಯುತ್ತಿದ್ದವು. ಏಳು ಗಂಟೆಗೆ ಸರಿಯಾಗಿ ನಾವೆಲ್ಲ ರೇಡಿಯೋದಲ್ಲಿ ಒಂದೇ ಜಾಗಕ್ಕೆ, ಅಂದರೆ ಒಂದೇ ಫ್ರೀಕ್ವೆನ್ಸಿಗೆ, ಬಂದು ಹಾಜರಿ ಹಾಕುತ್ತಿದ್ದೆವು. ಅದನ್ನು ನೆಟ್ ಎನ್ನುತ್ತಿದ್ದೆವು. ಮುಖ ನೋಡದವರ ದನಿ, ಕೆಮ್ಮು, ಅವರ ಮನೆಯ ಕುಕ್ಕರಿನ ಸೀಟಿ, ಎಲ್ಲವೂ ನಮಗೆ ಪರಿಚಯ.

ಈ ಹವ್ಯಾಸದಲ್ಲಿ ಒಂದು ವಿಶೇಷವಿದೆ. ಸರ್ಕಾರ ಲೈಸೆನ್ಸ್ ಕೊಡುತ್ತದೆ, ಆಮೇಲೆ ದಿನಾ ಬಂದು ಕಾಯುವ ಪೋಲೀಸಿನವನು ಯಾರೂ ಇಲ್ಲ. ಆಕಾಶ ಎಲ್ಲರದು. ಕೇಳುವವರೇ ಕಾವಲಿನವರು. ಮಾತಾಡುವ ಮುಂಚೆ, ಇಲ್ಲಿ ಯಾರಾದರೂ ಇದ್ದೀರಾ ಎಂದು ಕೇಳಬೇಕು. ಕೇಳಿ, ಕಾಯಬೇಕು. ವ್ಯಾಪಾರದ ಮಾತು ಆಡಕೂಡದು. ಬೇಕಾದ್ದಕ್ಕಿಂತ ಹೆಚ್ಚು ಪವರ್ ಹಾಕಕೂಡದು. ಆಡಿದ್ದನ್ನೆಲ್ಲ ಲಾಗ್ ಪುಸ್ತಕದಲ್ಲಿ ಸುಳ್ಳಿಲ್ಲದೆ ಬರೆಯಬೇಕು. ಇದನ್ನೆಲ್ಲ ನಮ್ಮ ಕಡೆ ನೋಡಿಕೊಳ್ಳುತ್ತಿದ್ದವರು, ಯಾರೂ ನೇಮಿಸದೆ ತಾವಾಗಿಯೇ ನೋಡಿಕೊಳ್ಳುತ್ತಿದ್ದವರು, ಲಿಂಗರಾಜಪುರದ ದೇಸಾಯಿ ಮಾಸ್ತರರು.

ಅವರು ಗದಗಿನ ಕಡೆಯವರು. ತಾರು ಇಲಾಖೆಯಲ್ಲಿ ತಾರು ಮಾಸ್ತರರಾಗಿ ಕೆಲಸ ಮಾಡಿ, ರಿಟೈರಾಗಿ, ಮಗಳ ಮನೆಯಲ್ಲಿದ್ದರು. ನಲವತ್ತು ವರ್ಷ ಮೋರ್ಸ್ ಕೀ, ಅಂದರೆ ಚುಕ್ಕೆ, ಗೀಟುಗಳಲ್ಲಿ ತಾರು ಕಳಿಸುವ ಕೀಲಿ, ಒತ್ತಿದ ಬೆರಳು. ಕೈಬರಹ ಹೇಗೆ ಒಬ್ಬೊಬ್ಬರದು ಒಂದೊಂದು ತರವೋ ಕೀ ಹೊಡೆಯುವ ಕೈಯೂ ಹಾಗೆಯೇ. ಕಣ್ಣು ಮುಚ್ಚಿ ಕೇಳಿದರೂ ಇಂಥವರೇ ಎಂದು ಹೇಳಬಹುದು. ಮಾಸ್ತರರ ಕೈಯಲ್ಲಿ ಒಂದು ವಿಚಿತ್ರವಿತ್ತು. ಅವರ ಕೊನೆಯ ಚುಕ್ಕೆ ಯಾವಾಗಲೂ ಒಂದು ಕೂದಲೆಳೆಯಷ್ಟು ತಡವಾಗಿ ಬೀಳುತ್ತಿತ್ತು. ಎಲ್ಲರೂ ಒಳಗೆ ಬಂದ ಮೇಲೆ ಬಾಗಿಲಲ್ಲಿ ಚಪ್ಪಲಿ ಬಿಟ್ಟು ಬರುವ ಹಿರಿಯರಂತೆ. ನೆಟ್ಟಿನಲ್ಲಿ ಯಾರಾದರೂ ಅಡ್ಡ ಬಾಯಿ ಹಾಕಿದರೆ ಅವರು ಬೈಯುತ್ತಿರಲಿಲ್ಲ. ತಾರಿನವರ ‘ತಾಳು’ ಸಂಕೇತವನ್ನು ಒಮ್ಮೆ ಹೊಡೆಯುತ್ತಿದ್ದರು: ಒಂದು ಚುಕ್ಕೆ, ಒಂದು ಗೀಟು, ಮತ್ತೆ ಮೂರು ಚುಕ್ಕೆ, ಅದರಲ್ಲಿ ಕೊನೆಯದು ತಡವಾಗಿ. ಅಷ್ಟಕ್ಕೇ ಎಲ್ಲರೂ ಸುಮ್ಮನಾಗುತ್ತಿದ್ದೆವು.

ದೊಡ್ಡ ತಪ್ಪಾದರೆ ಪೋಸ್ಟ್‌ಕಾರ್ಡ್ ಬರುತ್ತಿತ್ತು. ನಾಲ್ಕು ಜನ ಕೇಳುವಂತೆ ಗಾಳಿಯಲ್ಲಿ ಹೆಸರೆತ್ತುವುದು ಅವರ ಲೆಕ್ಕದಲ್ಲಿ ತಪ್ಪಿಗಿಂತ ದೊಡ್ಡ ತಪ್ಪು. ಇಂಥ ದಿನ, ಇಂಥ ಹೊತ್ತು, ಹೀಗೆ ಕೇಳಿಸಿತು, ದಯವಿಟ್ಟು ಪರಿಶೀಲಿಸಿ ಎಂದು ಸಣ್ಣ ಅಕ್ಷರದಲ್ಲಿ ಬರೆಯುತ್ತಿದ್ದರು. ಕಾರ್ಡು ಸಿಕ್ಕವರು ಇನ್ನೊಂದು ಕಾರ್ಡಿನಲ್ಲಿ ‘ತಿದ್ದಿಕೊಂಡೆ’ ಎಂದು ಒಂದೇ ಪದ ಬರೆದು ಹಾಕಬೇಕು. ಅಲ್ಲಿಗೆ ಮುಗಿಯಿತು. ಅದೊಂದು ಪದ್ಧತಿಯೇ ಆಗಿಹೋಗಿತ್ತು.

ನನಗೆ ಮೂರು ಕಾರ್ಡು ಬಂದಿದ್ದವು. ಮೊದಲನೆಯದು ನನ್ನ ದನಿ ಒಡೆದು ಅಕ್ಕಪಕ್ಕಕ್ಕೆಲ್ಲ ಚೆಲ್ಲುತ್ತಿದೆ ಎಂದು. ಮೈಕ್ ಸರಿಮಾಡಿ ಉತ್ತರ ಬರೆದೆ. ಎರಡನೆಯದು ವ್ಯಾಪಾರ ಮಾತಾಡಿದ್ದಕ್ಕೆ. ಸೇಲಂನಲ್ಲಿ ನನ್ನಂಥದೇ ವ್ಯಾಪಾರದ ಒಬ್ಬ ಗೆಳೆಯನಿದ್ದ, ಅವನೂ ಹ್ಯಾಮ್. ನಾನು ಅದಕ್ಕೂ ‘ತಿದ್ದಿಕೊಂಡೆ’ ಎಂದು ಬರೆದೆ. ನಿಜವಾಗಿ ತಿದ್ದಿದ್ದು ಭಾಷೆಯನ್ನು ಮಾತ್ರ. ಆಮೇಲಿಂದ ನಾವು ಟ್ರಾನ್ಸ್‌ಫಾರ್ಮರಿಗೆ ನೆಂಟರು ಎನ್ನುತ್ತಿದ್ದೆವು, ಹರಾಜಿಗೆ ಮದುವೆ. ಮದುವೆಗೆ ಎಷ್ಟು ಜನ ನೆಂಟರು, ಎಲ್ಲರ ಆರೋಗ್ಯ ಹೇಗಿದೆ ಎಂದು ನೆಟ್ಟಿಗೆ ಮುಂಚೆ ಅರ್ಧ ಗಂಟೆ ಅದೇ ಜಾಗದಲ್ಲಿ ಮಾತಾಡುತ್ತಿದ್ದೆವು. ಯಾರೋ ಒಬ್ಬರು ನನಗೆ, ಸೇಲಂ ಕಡೆ ನಿಮ್ಮ ಬಳಗ ದೊಡ್ಡದು ಎಂದು ಹೇಳಿದ್ದೂ ಉಂಟು.

ಮೂರನೆಯ ಕಾರ್ಡಿನಲ್ಲಿ ಎರಡೇ ಸಾಲು ಇತ್ತು. ‘ಕೇಳದೆ ಮಾತಾಡಿದಿರಿ. ನಿಮ್ಮ ದನಿಯ ಕೆಳಗೆ ಒಬ್ಬರಿದ್ದರು.’

ಇದು ನನಗೆ ಉರಿಯಿತು. ಆ ದಿನ ನನಗೆ ಯಾರೂ ಕೇಳಿಸಿರಲಿಲ್ಲ. ವ್ಯಾಪಾರಿಯನ್ನು ಬೇರೆ ಏನಾದರೂ ಅನ್ನಿ, ಇಲ್ಲದ ಮಾಲಿಗೆ ಬಿಲ್ಲು ಕೊಡಬೇಡಿ. ಕಾರ್ಡು ಹಿಡಿದುಕೊಂಡು ಲಿಂಗರಾಜಪುರಕ್ಕೇ ಹೋದೆ. ಮಾಸ್ತರರ ಮಗಳು ವನಮಾಲಾ ಚಹಾ ತಂದಿಟ್ಟರು. ಯಾರಿದ್ದರು ಸಾರ್, ಹೆಸರು ಹೇಳಿ ಎಂದು ನಾನು ಪಟ್ಟು ಹಿಡಿದೆ. ಮಾಸ್ತರರು ತಮ್ಮ ಮೋರ್ಸ್ ಕೀಲಿಯ ಮೇಲಿನ ಧೂಳನ್ನು ಧೋತರದ ಚುಂಗಿನಿಂದ ಒರೆಸುತ್ತ ಕೂತಿದ್ದರು.

“ಹೆಸರು ನಾ ಹೇಳಂಗಿಲ್ಲ. ಹೇಳಿದ್ರ ನೀವು ಅವರ ಮನಿಗೆ ಹೋಗಿ ಸಾರಿ ಅಂದು ಮುಗಿಸ್ತೀರಿ. ಹೆಸರು ಗೊತ್ತಿಲ್ಲದಿದ್ರ ಎಲ್ಲಾರ ಸಲುವಾಗಿ ಕಾಯ್ತೀರಿ” ಎಂದರು. ಆಮೇಲೆ ನನ್ನ ಮುಖ ನೋಡಿ ಸ್ವಲ್ಪ ನಕ್ಕು, “ದೇವರು ಕಿವಿ ಎರಡು ಕೊಟ್ಟಾನ. ಮೈಕಿಗೆ ಗುಂಡಿ ಒಂದ ಅದ. ಯಾಕಂತ ವಿಚಾರ ಮಾಡ್ರಿ” ಎಂದರು.

ನಾನು ಚಹಾ ಕುಡಿಯದೆ ಎದ್ದು ಬಂದೆ. ಉತ್ತರವನ್ನೂ ಬರೆಯಲಿಲ್ಲ. ಮಾಸ್ತರರು ಮತ್ತೆ ಕೇಳಲೂ ಇಲ್ಲ. ನೆಟ್ಟಿನಲ್ಲಿ ಮೊದಲಿನಂತೆಯೇ ಮಾತಾಡಿಸುತ್ತಿದ್ದರು. ನಾನೇ ಚುಟುಕಾಗಿ ಉತ್ತರ ಕೊಡುತ್ತಿದ್ದೆ. ಹೀಗೆ ಒಂದು ವರ್ಷ ಕಳೆಯಿತು. ಒಂದು ಮಧ್ಯಾಹ್ನ ಊಟ ಮಾಡಿ ಮಲಗಿದ ಮಾಸ್ತರರು ಏಳಲಿಲ್ಲ. ಮಾರನೆಯ ದಿನ ನೆಟ್ಟಿನಲ್ಲಿ ಅವರ ಹೆಸರು ಕೂಗಿ, ಉತ್ತರಕ್ಕೆ ಒಂದು ನಿಮಿಷ ಬಿಟ್ಟು, ಮುಂದಕ್ಕೆ ಹೋದೆವು. ನಮ್ಮಲ್ಲಿ ಸತ್ತವರನ್ನು ಹಾಗೆಯೇ ಕಳಿಸಿಕೊಡುವುದು.

ತಿಂಗಳು ಕಳೆದ ಮೇಲೆ ವನಮಾಲಾ ಅವರೇ ನನ್ನನ್ನು ಕರೆಸಿದರು. ಅಪ್ಪನ ಸಾಮಾನು ಗೊತ್ತಿರುವವರ ಕೈಗೆ ಹೋಗಲಿ ಎಂದರು. ಸೆಟ್ಟು, ಹೆಡ್‌ಫೋನು, ಕೀಲಿ ಎಲ್ಲವನ್ನೂ ನಾನು ಕೊಂಡೆ. ಚೌಕಾಸಿ ಮಾಡಿದೆ ಎಂದು ಬರೆಯಲು ಈಗ ನಾಚಿಕೆಯಾಗುತ್ತದೆ, ಆದರೆ ಮಾಡಿದೆ. ಸೆಟ್ಟು ಬೇಗ ಮಾರಿಹೋಯಿತು. ಕೀಲಿಯನ್ನು ಪೇಪರಿನಲ್ಲಿ ಸುತ್ತಿ, ಸುತಲಿ ದಾರ ಕಟ್ಟಿ, ಬೆಲೆಯ ಚೀಟಿ ಅಂಟಿಸಿ ಅಂಗಡಿಯ ಶೆಲ್ಫಿನಲ್ಲಿಟ್ಟೆ.

ಇನ್ನು ಆ ದಿನದ ಮಾತು.

ಮಾಸ್ತರರು ಹೋಗಿ ಎಂಟು ತಿಂಗಳಾಗಿತ್ತು. ಚಳಿಗಾಲ, ಭಾನುವಾರ, ಬೆಳಗಿನ ಆರೂವರೆ. ಸೇಲಂನಲ್ಲಿ ಅವತ್ತು ದೊಡ್ಡದೊಂದು ‘ಮದುವೆ’ ಇತ್ತು. ಯಾವುದೋ ಮುಚ್ಚಿದ ಕಾರ್ಖಾನೆಯ ಮಾಲು, ಅಂಥದು ಹತ್ತು ವರ್ಷಕ್ಕೊಮ್ಮೆ ಬರುತ್ತದೆ. ನಾನು ಏಳರೊಳಗೆ ಹೂಂ ಎಂದರೆ ನನ್ನ ಗೆಳೆಯ ಹೋಗಿ ನನ್ನ ಹೆಸರಿನಲ್ಲೂ ಹರಾಜು ಕೂಗುವವನು. ಫೋನಿಗೆ ಅವನ ಊರಿನ ಕಡೆ ಲೈನು ಸಿಗುತ್ತಿರಲಿಲ್ಲ. ಯಾವಾಗಲೂ ನಾನೇ ಮೊದಲು ಕರೆಯಬೇಕು, ಅವನು ಕಾದಿರುತ್ತಾನೆ. ಅದು ನಮ್ಮ ಕರಾರು.

ಸೆಟ್ಟು ಹಾಕಿದೆ. ಸಣ್ಣ ಭುಸುಗುಡುವಿಕೆ ಬಿಟ್ಟರೆ ಏನೂ ಇಲ್ಲ. ಖಾಲಿ ಜಾಗ. ಕೇಳುವುದು, ಕಾಯುವುದು ಎಲ್ಲ ಬಿಟ್ಟು ನೇರವಾಗಿ ಮೈಕ್ ಎತ್ತಿಕೊಂಡೆ. ಹೆಬ್ಬೆರಳು ಗುಂಡಿಯ ಮೇಲೆ ಬಂತು.

ಸ್ಪೀಕರಿನಲ್ಲಿ ಮೋರ್ಸ್ ಕೇಳಿಸಿತು. ಚುಕ್ಕೆ, ಗೀಟು, ಎರಡು ಚುಕ್ಕೆ. ಆಮೇಲೆ, ಸ್ವಲ್ಪ ತಡೆದು, ಕೊನೆಯದು.

ನಾನು ಹೆದರಲಿಲ್ಲ. ನನಗೆ ಬಂದದ್ದು ಸಿಟ್ಟು. ಯಾರೋ ಮಾಸ್ತರರ ಕೈಯನ್ನು ಅಣಕಿಸುತ್ತಿದ್ದಾರೆ, ಸತ್ತವರ ಮೇಲೆ ಎಂಥ ತಮಾಷೆ ಎಂದುಕೊಂಡೆ. ಒಂದು ನಿಮಿಷ ಬಿಟ್ಟು ಮತ್ತೆ ಬೆರಳಿಟ್ಟೆ. ಮತ್ತೆ ಅದೇ. ಚುಕ್ಕೆ, ಗೀಟು, ಎರಡು ಚುಕ್ಕೆ, ತಡವಾಗಿ ಒಂದು. ದೊಡ್ಡ ದನಿಯಲ್ಲ, ಸಣ್ಣದೂ ಅಲ್ಲ. ಅಡುಗೆಮನೆಯಿಂದ ಯಾರೋ ಚಮಚದಲ್ಲಿ ಲೋಟ ತಟ್ಟಿದ ಹಾಗೆ. ಗಡಿಯಾರ ನೋಡಿದೆ, ಆರು ನಲವತ್ತು. ಸೇಲಂನಲ್ಲಿ ಅವನು ಕಾಯುತ್ತಿದ್ದಾನೆ. ಯಾರ ತಮಾಷೆಯಾದರೇನು, ನನ್ನದು ನೂರು ವ್ಯಾಟಿನ ಸೆಟ್ಟು, ಮೇಲೆ ಹಾದುಕೊಂಡು ಹೋಗಬಹುದು ಎಂದು ಮೂರನೆಯ ಸಲ ಬೆರಳಿಟ್ಟೆ.

ಮೂರನೆಯ ಸಲವೂ ಬಂತು. ಈ ಸಲ ಕೊನೆಯ ಚುಕ್ಕೆ ಎಷ್ಟು ತಡವಾಯಿತೆಂದರೆ, ಅದು ಬೀಳುವವರೆಗೆ ನಾನು ಉಸಿರು ಹಿಡಿದುಕೊಂಡಿದ್ದೆ. ಬಿದ್ದ ಮೇಲೆ ಮೈಕನ್ನು ಮೇಜಿನ ಮೇಲೆ ಇಟ್ಟುಬಿಟ್ಟೆ. ಯಾಕೆ ಇಟ್ಟೆ ಎಂದು ಕೇಳಬೇಡಿ. ಗೊತ್ತಿದ್ದರೆ ಇದನ್ನೆಲ್ಲ ಬರೆಯುತ್ತಿರಲಿಲ್ಲ.

ಕಾಫಿ ತಂದ ನನ್ನ ಹೆಂಡತಿ ಬಾಗಿಲಲ್ಲೇ ನಿಂತಳು. “ಅದರ ಮುಂದೆ ಕೂತ್ಕೊಂಡು ನೀವು ಮಾತಾಡ್ದೇ ಇರೋದನ್ನ ಇವತ್ತೇ ನೋಡ್ತಿರೋದು” ಎಂದು ಲೋಟ ಇಟ್ಟು ಹೋದಳು.

ಅವಳ ಹೆಜ್ಜೆಯ ಸದ್ದು ಅಡಗಿದ ಮೇಲೆ ಭುಸುಗುಡುವಿಕೆಯ ಅಡಿಯಲ್ಲಿ ಏನೋ ಇದೆ ಅನ್ನಿಸಿತು. ಹೆಡ್‌ಫೋನ್ ಹಾಕಿಕೊಂಡೆ. ಮನುಷ್ಯನ ದನಿ. ಬಾವಿಯೊಳಗಿಂದ ಬಂದಂತೆ. “...ಯಾರಾದ್ರೂ ಇದ್ದೀರಾ... ಕೆ.ಆರ್. ಪುರ... ಬಿದ್ಬಿಟ್ಟಿದ್ದೀನಿ... ಕಾಲು...” ಅಷ್ಟು ಹೇಳಿ ನಿಂತಿತು. ಎರಡು ನಿಮಿಷಕ್ಕೆ ಮತ್ತೆ ಅಷ್ಟೇ.

ಆ ದನಿ ನನಗೆ ಗೊತ್ತಿತ್ತು. ಮುನಿರಾಜು. ರೈಲ್ವೆಯಲ್ಲಿ ಫಿಟ್ಟರ್, ಮೂವತ್ತರ ಆಸುಪಾಸಿನವನು. ನನ್ನ ಅಂಗಡಿಯಿಂದಲೇ ಬಿಡಿ ಸಾಮಾನು ಕೊಂಡು ಸ್ವಂತ ಸೆಟ್ಟು ಕಟ್ಟಿಕೊಂಡಿದ್ದ. ಅವನ ಸೆಟ್ಟಿಗೆ ಬೇಕಾದ ದೊಡ್ಡ ಟ್ರಾನ್ಸಿಸ್ಟರನ್ನು ಅವನು ಕೇಳಿದ ಬೆಲೆಗೆ ಕೊಡದೆ, ಚಿಕ್ಕದನ್ನೇ ಕೊಟ್ಟು, ಇಷ್ಟು ಸಾಕು ಹೋಗಯ್ಯ ಎಂದು ಕಳಿಸಿದ್ದವನು ನಾನೇ. ಅವತ್ತಿನ ಅವನ ಕ್ಷೀಣ ದನಿಯಲ್ಲಿ ನನ್ನ ಪಾಲೂ ಇತ್ತು.

ಅವನ ಸರದಿ ಮುಗಿಯುವವರೆಗೆ ಕಾದು, ಆಮೇಲೆ ಗುಂಡಿ ಒತ್ತಿ ನನ್ನ ಗುರುತು ಹೇಳಿದೆ. ಆ ಕಡೆ ಅವನು ಅತ್ತದ್ದು ಕೇಳಿಸಿತು. ತುಂಡುತುಂಡಾಗಿ ಗೊತ್ತಾದದ್ದಿಷ್ಟು: ನೆಟ್ಟಿಗೆ ಮುಂಚೆ ಆಂಟೆನಾ ಬಿಗಿಮಾಡಲು ತಾರಸಿಗೆ ಹತ್ತಿ, ಮಂಜಿಗೆ ಜಾರಿ ಮೆಟ್ಟಿಲಿನ ಮೇಲೆ ಬಿದ್ದಿದ್ದಾನೆ. ಮೊಳಕಾಲಿನ ಕೆಳಗೆ ಮೂಳೆ ಹೊರಗೆ ಬಂದಿದೆ, ರಕ್ತ ನಿಲ್ಲುತ್ತಿಲ್ಲ. ಹೆಂಡತಿ ತವರಿಗೆ ಹೋಗಿದ್ದಾಳೆ. ಹೊಸ ಲೇಔಟು, ಸುತ್ತ ಖಾಲಿ ಸೈಟುಗಳು, ಕೂಗಿದರೆ ಕೇಳುವವರಿಲ್ಲ, ಫೋನ್ ಸತ್ತು ವಾರವಾಗಿದೆ. ತೆವಳಿಕೊಂಡು ಸೆಟ್ಟಿನ ಹತ್ತಿರ ಬಂದಿದ್ದಾನೆ. ಬ್ಯಾಟರಿ ಇಳಿಯುತ್ತಿದೆ.

ಟವೆಲಿನಿಂದ ತೊಡೆ ಬಿಗಿದುಕೋ ಎಂದೆ. ಅಷ್ಟರಲ್ಲಿ ಒಬ್ಬೊಬ್ಬರಾಗಿ ನೆಟ್ಟಿನವರು ಬರತೊಡಗಿದ್ದರು. ವಿಷಯ ಹೇಳಿ, ಫ್ರೇಜರ್ ಟೌನಿನ ಗೆಳೆಯರೊಬ್ಬರಿಗೆ ಅವನ ಜೊತೆ ಮಾತಾಡುತ್ತಿರುವ ಕೆಲಸ ಒಪ್ಪಿಸಿದೆ. ಉಳಿದವರಿಗೆ ಯಾರೂ ಏನೂ ಹೇಳಬೇಕಾಗಲಿಲ್ಲ. ಬೆಂಗಳೂರು, ಮೈಸೂರು, ಹುಬ್ಬಳ್ಳಿ, ಎಲ್ಲೆಲ್ಲಿದ್ದರೋ ಅಲ್ಲಲ್ಲೇ ಬಾಯಿ ಮುಚ್ಚಿಕೊಂಡು ಕೂತರು. ನಾನು ವ್ಯಾನ್ ತೆಗೆದೆ. ಹಳೆ ಮದ್ರಾಸು ರಸ್ತೆಯಲ್ಲಿ ಮಂಜು ಎಷ್ಟಿತ್ತೆಂದರೆ ಮುಂದಿನ ಲಾರಿಯ ಕೆಂಪು ದೀಪ ಬಿಟ್ಟು ಬೇರೆ ಕಾಣುತ್ತಿರಲಿಲ್ಲ. ಅವನ ಮನೆ ನಾನು ನೋಡಿರಲಿಲ್ಲ. ಬಿದಿರಿನ ಗಳ, ಅದರಿಂದ ಜೋತುಬಿದ್ದ ತಂತಿ, ಇವೇ ಗುರುತು. ಬಾಗಿಲು ಒದ್ದು ಒಳಗೆ ಹೋದಾಗ ಫ್ರೇಜರ್ ಟೌನಿನವರು ಸ್ಪೀಕರಿನಲ್ಲಿ ಇನ್ನೂ ಮಾತಾಡುತ್ತಲೇ ಇದ್ದರು. ಇವನಿಗೆ ಉತ್ತರ ಕೊಡುವ ಶಕ್ತಿಯಿರಲಿಲ್ಲ.

ಉಳಿದ. ಆಸ್ಪತ್ರೆಯ ಡಾಕ್ಟರು, “ಇನ್ನರ್ಧ ಗಂಟೆ ಆಗಿದ್ರೆ ಉಳೀತಿರ್ಲಿಲ್ಲ” ಎಂದರು. ಮದುವೆಯ ನೆಂಟರೆಲ್ಲ ಬೇರೆಯವರ ಪಾಲಾದರು. ಸೇಲಂನವನು ಒಂದು ತಿಂಗಳು ನನ್ನ ಮೇಲೆ ಸಿಟ್ಟಾಗಿದ್ದ.

ಮೂರು ದಿನ ಬಿಟ್ಟು ಮುನಿರಾಜು ಸ್ವಲ್ಪ ಕೂತು ಮಾತಾಡುವಂತಾದಾಗ ನಾನು ಮೊದಲು ಕೇಳಿದ್ದು ಅದನ್ನೇ. ಮೋರ್ಸ್ ಹೊಡೆದೆಯಾ?

“ನಂಗೆಲ್ಲಿ ಮೋರ್ಸ್ ಬರುತ್ತೆ ಸಾರ್? ಅದು ಬರಲ್ಲ ಅಂತಾನೇ ಅಲ್ವಾ ಚಿಕ್ಕ ಲೈಸೆನ್ಸ್ ತಗೊಂಡಿದ್ದು. ಕೀನೇ ಇಲ್ಲ ನನ್ ಹತ್ರ” ಎಂದ. ಆಮೇಲೆ ತಾನಾಗಿಯೇ ಮುಂದುವರಿಸಿದ. ಬಿದ್ದ ದಿನ ಯಾರೂ ಕೇಳಿಸಿಕೊಳ್ಳುವುದಿಲ್ಲ ಎಂದೇ ಅವನು ಅಂದುಕೊಂಡಿದ್ದನಂತೆ. “ಯಾಕಂದ್ರೆ ನನ್ ಲೈಫಲ್ಲಿ ಮೊದಲ್ನೇ ಸಲ ಕರೆದಾಗ್ಲೂ ಹಂಗೇ ಆಗಿತ್ತು ಸಾರ್. ಒಂದು ವಾರ ಸೋಲ್ಡರ್ ಮಾಡಿ, ಪೂಜೆ ಮಾಡಿ, ಬೆಳಗ್ಗೆ ಕೂತ್ಕೊಂಡು ಕರೀತಿದ್ದೀನಿ, ಯಾರೋ ಮೇಲೆ ಬಂದ್ಬಿಟ್ರು. ಅದೇನೋ ಮದುವೆ, ನೆಂಟರು ಅಂತ ಅರ್ಧ ಗಂಟೆ. ಸೆಟ್ಟು ವಾಪಸ್ ನಿಮ್ ಅಂಗಡಿಗೇ ಮಾರ್ಬಿಡೋಣ ಅನ್ಕೊಂಡೆ. ಆವತ್ತು ಕೇಳಿಸ್ಕೊಂಡಿದ್ದು ಮಾಸ್ತರ್ ಒಬ್ರೇ. ಸಾಯಂಕಾಲ ಅವರೇ ಕರೆದು ಮಾತಾಡಿದ್ರು.”

ಹೇಳುವಾಗ ಅವನು ನನ್ನ ಮುಖ ನೋಡಲಿಲ್ಲ. ಆ ‘ಮದುವೆ’ಯವನು ನಾನೇ ಎಂದು ಅವನಿಗೆ ಗೊತ್ತಿತ್ತೋ ಇಲ್ಲವೋ, ಇವತ್ತಿಗೂ ಕೇಳಿಲ್ಲ. ಮೂಸಂಬಿ ಸುಲಿದು ಅವನ ಕೈಗಿಟ್ಟು ಎದ್ದು ಬಂದೆ.

ಅಲ್ಲಿಂದ ನೇರವಾಗಿ ಅಂಗಡಿಗೆ ಹೋಗಿ ಶೆಲ್ಫಿನಿಂದ ಆ ಪೊಟ್ಟಣ ಇಳಿಸಿದೆ. ನಾನೇ ಹಾಕಿದ ಗಂಟು ಹಾಗೆಯೇ ಇತ್ತು. ಬಿಚ್ಚಿದೆ. ಸಿನಿಮಾದಲ್ಲಾದರೆ ಕೀಲಿ ಬಿಸಿಯಾಗಿರಬೇಕಿತ್ತು. ತಣ್ಣಗಿತ್ತು.

ವೈರಿಂಗ್ ನೋಡಿದ್ದೀರಾ ಎಂದು ನೀವು ಕೇಳುವ ಮೊದಲೇ ಹೇಳುತ್ತೇನೆ, ನೋಡಿದೆ. ಆಂಟೆನಾದ ಪ್ರತಿ ಜಾಯಿಂಟು ಬಿಚ್ಚಿ ಹಾಕಿದೆ. ಮೋರ್ಸ್ ಬಲ್ಲ ಗೆಳೆಯರನ್ನೆಲ್ಲ ಒಬ್ಬೊಬ್ಬರನ್ನಾಗಿ, ಸಿಟ್ಟಿಲ್ಲದೆ, ವಿಚಾರಿಸಿದೆ. ಫ್ರೇಜರ್ ಟೌನಿನವರು ಆರೂವರೆಯಿಂದಲೇ ಸೆಟ್ಟು ಹಾಕಿಕೊಂಡು ಪೇಪರ್ ಓದುತ್ತಿದ್ದರಂತೆ. ನಾನು ವಿಷಯ ಹೇಳುವವರೆಗೆ ಅವರಿಗೆ ಮೋರ್ಸೂ ಕೇಳಿಸಿಲ್ಲ, ಮುನಿರಾಜುವೂ ಕೇಳಿಸಿಲ್ಲ. ಬ್ಯಾಟರಿ ಇಳಿದಾಗ ಮನೆಯಲ್ಲಿ ಕಟ್ಟಿದ ಅಂಥ ಸೆಟ್ಟು ತಾನೇ ಕೀಚು ಕೀಚು ಅನ್ನುವುದುಂಟು. ಅದೇ ನನಗೆ ಚುಕ್ಕೆ ಗೀಟಾಗಿ ಕೇಳಿಸಿರಬಹುದು ಎಂದು ಒಬ್ಬರು ಹೇಳಿದರು. ಇರಬಹುದು. ಮೂರು ಸಲ, ಮೂರೂ ಸಲ ನಾನು ಗುಂಡಿಯ ಮೇಲೆ ಬೆರಳಿಟ್ಟಾಗಲೇ, ಕೊನೆಯ ಚುಕ್ಕೆ ತಡವಾಗಿ. ಇರಬಹುದು. ನಾನು ಇಲ್ಲ ಎನ್ನುವುದಿಲ್ಲ. ಹೌದು ಎನ್ನಲೂ ಆಗುತ್ತಿಲ್ಲ.

ಆ ದಿನದ ಲಾಗ್ ಪುಸ್ತಕ ಈಗಲೂ ನನ್ನ ಹತ್ತಿರ ಇದೆ. ಆರು ಮೂವತ್ತೆಂಟರಿಂದ ಆರು ನಲವತ್ತೆರಡು. ಕೇಳಿಸಿದ್ದು: ‘ತಾಳು’, ಮೂರು ಸಲ. ಯಾರಿಂದ ಎಂಬ ಕಡೆ ಖಾಲಿ ಬಿಟ್ಟಿದ್ದೇನೆ. ಸುಳ್ಳು ಬರೆಯಕೂಡದಲ್ಲ. ಷರಾ ಬರೆಯುವ ಕೊನೆಯ ಕಾಲಮಿನಲ್ಲಿ ಮಾತ್ರ ಒಂದು ಪದವಿದೆ. ಅದನ್ನು ಸುಮಾರು ಎರಡು ವರ್ಷ ಮುಂಚೆ, ಆ ಮೂರನೆಯ ಕಾರ್ಡಿಗೆ ಉತ್ತರವಾಗಿ, ಪೋಸ್ಟ್‌ಕಾರ್ಡಿನಲ್ಲಿ ಬರೆದು ಲಿಂಗರಾಜಪುರಕ್ಕೆ ಹಾಕಬೇಕಾಗಿತ್ತು: ತಿದ್ದಿಕೊಂಡೆ.

ಈಗ ಆ ನೆಟ್ಟಿನಲ್ಲಿ ಹಳಬರು ನಾಲ್ಕು ಜನ ಉಳಿದಿದ್ದೇವೆ. ಮುನಿರಾಜು ಒಳ್ಳೆಯ ಟ್ರಾನ್ಸಿಸ್ಟರ್ ಹಾಕಿಕೊಂಡು ಜೋರಾಗಿ ಬರುತ್ತಾನೆ. ಆ ಕೀಲಿಯನ್ನು ಕೇಳಿಕೊಂಡು ಗಿರಾಕಿಗಳು ಬಂದಿದ್ದಾರೆ, ಒಳ್ಳೆಯ ಬೆಲೆಗೂ ಕೇಳಿದ್ದಾರೆ. ಚೀಟಿ ಕಿತ್ತು ಬಹಳ ದಿನವಾಯಿತು. ಮಾರಾಟಕ್ಕಿಲ್ಲ ಎಂದು ನಾನು ಹೇಳಿದ ಸಾಮಾನು ಇಡೀ ಅಂಗಡಿಯಲ್ಲಿ ಅದೊಂದೇ.

ಹೊಸಬರಿಗೆ ನನ್ನ ಬುದ್ಧಿಮಾತು ಒಂದೇ. ಖಾಲಿ ಇದೆ ಎಂದು ನಿಮಗೆ ಅನ್ನಿಸಿದ ಜಾಗವನ್ನೇ ಹೆಚ್ಚು ಹೊತ್ತು ಕೇಳಿ. ನಾನೂ ಬೆಳಿಗ್ಗೆ ಸೆಟ್ಟು ಹಾಕಿ, ಇಲ್ಲಿ ಯಾರಾದರೂ ಇದ್ದೀರಾ ಎಂದು ಕೇಳುತ್ತೇನೆ. ರೂಢಿಯ ಪ್ರಕಾರ ಐದಾರು ಸೆಕೆಂಡು ಸಾಕು. ನಾನು ಅದಕ್ಕಿಂತ ಸ್ವಲ್ಪ ಹೆಚ್ಚಿಗೆ ಕಾಯುತ್ತೇನೆ, ಒಂದು ಚುಕ್ಕೆ ತಡವಾಗಿ ಬೀಳುವಷ್ಟು ಹೊತ್ತು.